ಒಂಟಿಗಣ್ಣಿನ ಕಾರು: ನೂರು ವಾಟಿನ ಬಲ್ಬು

“ನೂರು ವಾಟಿಂದು ಬೇಡ ಅಂತ ನಾನೇ ಹೇಳ್ದೆ ಸಾರ್. ಅವರು ಕೇಳಬೇಕಲ್ಲ?”

ತಿಲಕ್ ನಗರದ ಆಟೋ ಎಲೆಕ್ಟ್ರಿಕಲ್ಸ್ ಅಂಗಡಿಯ ಆಶ್ರಿತ್ ಇಷ್ಟು ಹೇಳಿದವನೇ, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಬೀದಿಯ ಕಡೆ ನೋಡಿದ.

ಜಯದೇವಪ್ಪ ತಮ್ಮ ಮೊಬೈಲನ್ನು ಕೌಂಟರಿನ ಮೇಲೆ ಇನ್ನೊಂದಿಷ್ಟು ಮುಂದಕ್ಕೆ ತಳ್ಳಿದರು. ಪರದೆಯ ಮೇಲಿದ್ದುದು ಪಾರ್ಕಿನಲ್ಲಿ ತೆಗೆದ ಫೋಟೋ. ಅದರಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತವರು ವೆಂಕಟಾಚಲ. ಅವರ ಹೆಗಲ ಮೇಲೆ ಕೈ ಹಾಕಿ ಹಲ್ಲು ಕಿರಿದಿದ್ದವರು ಸ್ವತಃ ಜಯದೇವಪ್ಪ. ತಮ್ಮ ಮುಖವನ್ನು ಅವರು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದರು.

“ಸರಿಯಾಗಿ ನೋಡಪ್ಪ. ಇವರೇನಾ?”

“ಇವರೇ ಸಾರ್. ಮೂರು ಸಲ ಬಂದಿದ್ರು.”

ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಸಂಜೆಗತ್ತಲಲ್ಲಿ ಹೂ ಮಾರುವ ಮುನಿಲಕ್ಷ್ಮಮ್ಮನನ್ನು ಗುದ್ದಿ, ನಿಲ್ಲದೆ ಹೋದ ಕಾರು ವೆಂಕಟಾಚಲ ಅವರದು. ಆಕೆ ಅಲ್ಲೇ ಸತ್ತಳು. ಓಡಿಸುತ್ತಿದ್ದವನು ಡ್ರೈವರ್ ಹನಮಂತ ಎಂದು ಆ ಮನೆಯವರು ಹೇಳಿದ್ದರಿಂದ ಹನಮಂತ ಜೈಲಿನಲ್ಲಿದ್ದ. ಅವನ ಜಾಮೀನು ಅರ್ಜಿ ಮರುದಿನ ಕೋರ್ಟಿಗೆ ಬರುವುದಿತ್ತು. ತಾನು ಸಂಜೆಗೇ ಕೆಲಸ ಮುಗಿಸಿ ಬಿಟಿಎಂನ ರೂಮಿಗೆ ಹೋಗಿದ್ದೆ ಎಂದು ಅವನು ಹೇಳುತ್ತಿದ್ದ. ರೂಮಿನಲ್ಲಿ ಅವನನ್ನು ನೋಡಿದವರು ಯಾರೂ ಇರಲಿಲ್ಲ. ಹೆಂಡತಿ ಭಾಗ್ಯಜ್ಯೋತಿ ಆ ಹೊತ್ತಿಗೆ ಪಿಜಿಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಈಗ ಅವಳೇ ಜಯದೇವಪ್ಪನವರ ಬಾಗಿಲು ತಟ್ಟಿದ್ದಳು.

ಜಯದೇವಪ್ಪ ಆರ್‌ಟಿಓ ಆಫೀಸಿನ ನಿವೃತ್ತ ಬ್ರೇಕ್ ಇನ್ಸ್‌ಪೆಕ್ಟರ್. ಸರ್ವಿಸ್ ಪೂರ್ತಿ ಲಾರಿ, ಬಸ್ಸುಗಳ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ ಬೆನ್ನು ಬಾಗಿಸಿಕೊಂಡವರು. ಈಗ ಅಪಘಾತದ ಕೇಸುಗಳಲ್ಲಿ ವಕೀಲರಿಗೆ ಸತ್ಯ ಹುಡುಕಿಕೊಡುವುದು ಅವರ ಕಸುಬು. ಗಾಡಿ ಸುಳ್ಳು ಹೇಳುವುದಿಲ್ಲ, ಗಾಡಿಯ ಯಜಮಾನ ಹೇಳುತ್ತಾನೆ ಎಂಬುದು ಅವರ ಬದುಕಿನ ಒಟ್ಟು ಸಂಪಾದನೆ.

“ಮೂರು ಸಲ ಯಾಕೆ ಬಂದ್ರು?”

“ಮೊದಲನೇ ಸಲ ಕಂಪನಿ ಬಲ್ಬು ಡಲ್ಲು ಅಂದ್ರು. ಅದೇ ಅರವತ್ತು-ಐವತ್ತೈದು ವಾಟಲ್ಲೇ ಸ್ವಲ್ಪ ಒಳ್ಳೇ ಹ್ಯಾಲೊಜೆನ್ ಕೊಟ್ಟೆ. ವಯರಿಂಗ್ ಮುಟ್ಟೋ ಹಾಗಿಲ್ಲ, ಕಾನೂನಿಗೂ ಸರಿ. ಯಾರ್ ಬಂದು ಕೇಳಿದ್ರೂ ನಾನು ಮೊದ್ಲು ಅದನ್ನೇ ಹೇಳೋದು. ಸ್ವಲ್ಪ ದಿನಕ್ಕೇ ವಾಪಸ್ ಬಂದ್ರು. ಸಾಲ್ತಾ ಇಲ್ಲಪ್ಪ ಅಂದ್ರು.”

“ಆಮೇಲೆ?”

“ಎಲ್‌ಇಡಿ ಕೇಳಿದ್ರು. ನಿಮ್ಮ ಗಾಡಿ ಹೆಡ್‌ಲೈಟ್ ಡೂಮು ಹ್ಯಾಲೊಜೆನ್‌ಗೆ ಮಾಡಿರೋದು, ಅದಕ್ಕೆ ಎಲ್‌ಇಡಿ ಹಾಕಿದ್ರೆ ಬೆಳಕು ಚೆದುರಿ ಹೋಗುತ್ತೆ, ಎದುರಿಗೆ ಬರೋನ ಕಣ್ಣಿಗೆ ಕುಕ್ಕುತ್ತೆ, ನಿಮಗೆ ಮಾತ್ರ ರೋಡ್ ಕಾಣಲ್ಲ ಅಂದೆ. ಕೇಳಲಿಲ್ಲ, ತಗೊಂಡ್ಹೋದ್ರು. ಅದೂ ಸಾಲಲ್ಲ ಅಂತ ವಾಪಸ್ ಬಂದ್ರು.”

“ಕೊನೆಗೆ ನೂರರದ್ದು.”

“ನೂರು-ತೊಂಬತ್ತು. ರಿಲೇ ಇಲ್ದೆ ಹಾಕಿದ್ರೆ ಹೋಲ್ಡರ್ ಕರಗುತ್ತೆ, ರೋಡ್ ಮೇಲೆ ಹಾಕೋ ಹಾಗೇ ಇಲ್ಲ, ಎಲ್ಲಾ ಹೇಳ್ದೆ ಸಾರ್. ಜೊತೇಲಿದ್ದ ಡ್ರೈವರೂ ‘ಬ್ಯಾಡ್ರಿ ಸಾಹೇಬ್ರ’ ಅಂತಿದ್ದ. ನಿನ್ನನ್ನ ಯಾರೋ ಕೇಳಿದ್ದು ಅಂತ ಅವನಿಗೆ ಬೈದ್ರು.”

“ಎಲ್ಲಾ ಗೊತ್ತಿದ್ದೂ ಕೊಟ್ಟೆ.”

ಆಶ್ರಿತ್ ತಲೆ ಕೆರೆದುಕೊಂಡ. “ನಾನು ಕೊಡದೇ ಇದ್ರೆ ಪಕ್ಕದ ಅಂಗಡಿಯೋನು ಕೊಡ್ತಾನೆ ಸಾರ್.”

ಈ ದೇಶದ ಅರ್ಧ ಪಾಪಗಳು ನಡೆಯುವುದು ಪಕ್ಕದ ಅಂಗಡಿಯವನ ಹೆಸರಿನಲ್ಲಿ. ಜಯದೇವಪ್ಪ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

“ಬಲ್ಬು ಹಾಕಿಕೊಟ್ಟೋನು ನೀನೇನಾ?”

“ಇಲ್ಲ. ಹೊಸ ಸಾಮಾನು ಮೊದಲು ಮನೆಗೆ ಹೋಗ್ಬೇಕು, ದೇವರ ಮುಂದೆ ಇಡ್ಬೇಕು ಅಂತ ಡಬ್ಬಿ ಸಮೇತ ತಗೊಂಡು ಹೋದ್ರು. ಮೂರು ಸಲಾನೂ ಅಷ್ಟೇ.”

“ಇಷ್ಟನ್ನೇ ನಾಳೆ ಕೋರ್ಟಲ್ಲಿ ಹೇಳ್ತೀಯಾ?”

ಹುಡುಗನಂತಿದ್ದ ಅಂಗಡಿಯವನ ಮುಖ ಒಂದೇ ಸಲಕ್ಕೆ ಮುದುಕನದಾಯಿತು. “ಅಯ್ಯೋ, ಬೇಡ ಅಂಕಲ್. ನೂರರದ್ದು ಮಾರಿದೋನು ಅಂತ ನನ್ನೇ ಒಳಗೆ ಹಾಕ್ತಾರೆ. ನಾನು ನಿಮ್ಮನ್ನ ನೋಡೇ ಇಲ್ಲ.”

ಸಾರ್ ಹೋಗಿ ಅಂಕಲ್ ಆದರೆ ಸಾಕ್ಷಿ ಜಾರಿದ ಎಂದೇ ಅರ್ಥ. ಜಯದೇವಪ್ಪ ವಾದ ಮಾಡಲಿಲ್ಲ. ಒಂದು ಹೊಸ ಬಲ್ಬು ಕೊಂಡರು. ಕಸದ ಡಬ್ಬಿಯಿಂದ ಗಾಜು ಕಪ್ಪಗಾದ ಸುಟ್ಟ ಬಲ್ಬೊಂದನ್ನು ಆರಿಸಿಕೊಂಡು, ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಆಟೋದಲ್ಲಿ ಕೂತಾಗ ಹಲ್ಲು ಕಡಿಯುವಷ್ಟು ಸಿಟ್ಟು ಬಂದಿತ್ತು. ವೆಂಕಟಾಚಲ ಅವರ ಮಗ ಭಾರ್ಗವ ಪೊಲೀಸರಿಗೆ ಹೇಳಿದ್ದು ನೆನಪಾಯಿತು. ಅಪ್ಪ ಕತ್ತಲಾದ ಮೇಲೆ ಸ್ಟೇರಿಂಗ್ ಮುಟ್ಟುವುದಿಲ್ಲ. ಸಂಜೆ ಕಾರು ಹನಮಂತನ ಕೈಯಲ್ಲೇ ಇರುತ್ತದೆ. ಆ ಬಲ್ಬುಗಳನ್ನೂ ಅವನೇ ತನ್ನ ಶೋಕಿಗೆ ಹಾಕಿಸಿಕೊಂಡ.

ಹಾಗಿದ್ದರೆ ಬೆಳಕು ಸಾಲದು ಎಂದು ಅಂಗಡಿಗೆ ಅಲೆದವರು ವೆಂಕಟಾಚಲ ಯಾಕಾಗಬೇಕು? ಹಿಂದಿನ ಸೀಟಿನಲ್ಲಿ ಒರಗಿ ಕೂತವನಿಗೆ ಹೆಡ್‌ಲೈಟು ಡಿಮ್ಮೋ ಬ್ರೈಟೋ ಯಾಕೆ ಬೇಕು? ರಾತ್ರಿಯ ರಸ್ತೆ ಕಾಣದೆ ಕಂಗಾಲಾಗುವವನು ಸ್ಟೇರಿಂಗ್ ಹಿಡಿದವನು ಮಾತ್ರ.

ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಅವರನ್ನು ನೆಟ್ಟಗೆ ಕೂರಿಸಿತು. ಒಂದು ಬಲ್ಬು ಸಾಲದಿರಬಹುದು. ಎರಡನೆಯದೂ ಸಾಲದಿರಬಹುದು. ಮೂರನ್ನೂ ಸಾಲದು ಎನ್ನುವವನಿಗೆ ಕೊರತೆಯಿರುವುದು ಬಲ್ಬಿನಲ್ಲಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸ್ಟೇಷನ್ನಿನ ಅಂಗಳದಲ್ಲಿ ನಿಂತ ಆ ಕಾರನ್ನು ಅವರು ಹಿಂದಿನ ದಿನವಷ್ಟೇ ಪರೀಕ್ಷಿಸಿದ್ದರು. ಎಡಗಡೆಯ ದೀಪ ಗುದ್ದಿದ ರಭಸಕ್ಕೆ ಒಡೆದುಹೋಗಿತ್ತು. ಬಲಗಡೆಯದು ಹೊರಗಿನಿಂದ ನೆಟ್ಟಗಿತ್ತು. ಬಾನೆಟ್ ಎತ್ತಿ ಬಲ್ಬನ್ನು ಹೊರತೆಗೆದಾಗ ಗಾಜಿನ ಒಂದು ಮಗ್ಗುಲು ಗುಳ್ಳೆಯ ಹಾಗೆ ಉಬ್ಬಿತ್ತು. ಗುಳ್ಳೆಯ ನಡುವೆ ದುಂಡನೆಯ ಕಂದು ಕಲೆ, ಅದರ ಅಂಚಿನಲ್ಲಿ ಚೂರು ಕೆಂಪು.

ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಜಿಡ್ಡು ಅಂಟಿದ ಜಾಗ ವಿಪರೀತ ಕಾದು ಗಾಜು ಕೆಡುತ್ತದೆ. ಸ್ಟೇರಿಂಗ್ ಹಿಡಿದು ಹೊಟ್ಟೆ ಹೊರೆಯುವ ಹನಮಂತನಿಗೆ ಅದು ಗೊತ್ತು. ಆದರೆ ಗಾಜಿನ ಮೇಲಿದ್ದುದು ಕೈಯ ಜಿಡ್ಡಿನ ಗುರುತಲ್ಲ. ಬೆರಳ ಗುರುತು ಹೀಗೆ ದುಂಡಗೆ, ಅಚ್ಚುಕಟ್ಟಾಗಿ ಇರುವುದಿಲ್ಲ. ಯಾರೋ ಬೇಕೆಂದೇ ಇಟ್ಟ ಬೊಟ್ಟು ಅದು.

ಬಸ್ ನಿಲ್ದಾಣದಲ್ಲಿ ನಿಂತಿದ್ದವರೆಲ್ಲ ಒಂದೇ ಮಾತು ಹೇಳಿದ್ದರು: ಕಾರಿಗೆ ಒಂದೇ ದೀಪ ಉರಿಯುತ್ತಿತ್ತು. ಮುನಿಲಕ್ಷ್ಮಮ್ಮ ರಸ್ತೆಯ ನಡುವಿನ ಕಟ್ಟೆಯಿಂದ ಇಳಿದು ದಾಟಲು ಹೊರಟಿದ್ದು ಕಾರಿನ ಬಲಗಡೆಯಿಂದ, ಅಂದರೆ ದೀಪ ಸತ್ತಿದ್ದ ಕಡೆಯಿಂದ. ಮುಕ್ಕಾಲು ಪಾಲು ದಾಟಿದ್ದವಳಿಗೆ ಕಾರಿನ ಎಡಮೂಲೆ ತಗಲಿತ್ತು.

ಜಯನಗರದಲ್ಲಿ ವೆಂಕಟಾಚಲ ಅವರ ಮನೆಯ ಗೇಟು ತೆಗೆದಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಜೈಲಿನಲ್ಲಿ ಗಂಡನನ್ನು ನೋಡಿಕೊಂಡು ನೇರ ಇಲ್ಲಿಗೇ ಬಾ ಎಂದು ಭಾಗ್ಯಜ್ಯೋತಿಗೆ ಹೇಳಿದ್ದರು. ಅವಳಿನ್ನೂ ಬಂದಿರಲಿಲ್ಲ.

ವೆಂಕಟಾಚಲ ಹಾಲ್‌ನ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಪರದೆ ಎಳೆದಿತ್ತು. ಬಾಗಿಲಲ್ಲಿ ನಿಂತ ಗೆಳೆಯನನ್ನು ನೋಡಿಯೂ “ಯಾರು?” ಎಂದರು.

“ನಾನು ಕಣೋ.”

“ಓ, ಜಯದೇವ! ಬಾ ಬಾ. ವಾಕಿಂಗಿಗೂ ಬರ್ತಿಲ್ಲ, ಏನ್ ಸಮಾಚಾರ?”

ಸಮಾಚಾರ ಏನೆಂದು ಇಬ್ಬರಿಗೂ ಗೊತ್ತಿತ್ತು. ಹನಮಂತನ ಪರವಾಗಿ ಓಡಾಡುತ್ತಿರುವುದು ಯಾರೆಂದು ಭಾರ್ಗವ ಅಪ್ಪನಿಗೆ ಹೇಳದೆ ಇರಲಾರ. ಆದರೂ ಮೊದಲು ಕಾಫಿ. ಈ ಮನೆಯಲ್ಲಿ ಗಂಟಲು ಹಿಸುಕಬೇಕಾದರೂ ಕಾಫಿ ಕೊಟ್ಟ ಮೇಲೆಯೇ.

ವೆಂಕಟಾಚಲ ಅವರ ಹೆಂಡತಿ ಸೀತಮ್ಮ ಲೋಟ ಹಿಡಿದು ಬಂದರು. ಜಯದೇವಪ್ಪ ಸುಮ್ಮನೆ ಮಾತಿಗೆಂಬಂತೆ ಕೇಳಿದರು.

“ಹೊಸ ವಸ್ತು ಬಂದ್ರೆ ಈಗಲೂ ಗಂಧ ಕುಂಕುಮ ಇಡ್ತೀರಾ ಸೀತಮ್ಮನೋರೇ?”

“ಇಡದೆ ಉಂಟಾ? ಮಿಕ್ಸಿಗೂ ಇಟ್ಟಿದೀನಿ, ಮೊಬೈಲಿಗೂ ಇಟ್ಟಿದೀನಿ. ಮೊನ್ನೆ ಕಾರಿನ ಬಲ್ಬಿಗೂ ಇಟ್ಟೆ. ಇವರು ನಕ್ಕಿದ್ದೇ ನಕ್ಕಿದ್ದು.”

“ಬಲ್ಬಿಗೆ ಎಲ್ಲಿಗೆ ಇಟ್ರಿ?”

“ಗಾಜಿಗೇ. ಉರಿಯೋದು ಅದೇ ಅಲ್ವಾ? ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಇಡೋಷ್ಟರಲ್ಲಿ ಇವರು ಕಿತ್ಕೊಂಡು ಹೋಗಿ ಹಾಕೇಬಿಟ್ರು.”

“ಸೀತೂ, ನೀನು ಒಳಗೆ ಹೋಗು,” ಎಂದರು ವೆಂಕಟಾಚಲ.

ಆಕೆಗೆ ಏನೂ ತಿಳಿಯಲಿಲ್ಲ. ನಗುತ್ತಲೇ ಒಳಗೆ ಹೋದರು. ಒಳ್ಳೆಯದಾಗಲಿ ಎಂದು ಇಟ್ಟ ಬೊಟ್ಟು ಬಲ್ಬನ್ನು ಸುಟ್ಟಿತ್ತು, ಸುಟ್ಟ ಬಲ್ಬು ಒಂದು ಹೆಂಗಸಿನ ಜೀವ ತೆಗೆದಿತ್ತು. ಇದನ್ನು ಆಕೆಗೆ ಹೇಳುವ ಧೈರ್ಯ ಜಯದೇವಪ್ಪನವರಿಗೆ ಇರಲಿಲ್ಲ.

“ಬಲ್ಬು ತಂದೋನು ಹನಮಂತ ಅಂತ ನಿನ್ನ ಮಗ ಹೇಳಿದಾನೆ,” ಎಂದರು.

“ಹುಡುಗ ಗಾಬರೀಲಿ ಏನೋ ಹೇಳಿರ್ತಾನೆ.”

“ನೀನು ಗಾಬರೀಲಿ ಏನು ಹೇಳಿದೆ?”

ಜಯದೇವಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಎರಡು ಬಲ್ಬುಗಳನ್ನೂ ಟೀಪಾಯಿಯ ಮೇಲೆ ಅಕ್ಕಪಕ್ಕ ಇಟ್ಟರು.

“ಇದರಲ್ಲಿ ಒಂದು ಹೊಸದು, ಒಂದು ಸುಟ್ಟಿರೋದು. ಸುಟ್ಟಿದ್ದನ್ನ ಎತ್ತಿಕೊಡು.”

“ಇದೇನೋ ಮಕ್ಕಳಾಟ!”

“ಎತ್ತಿಕೊಡು.”

ಒಂದರ ಗಾಜು ನೀರಿನ ಹಾಗಿತ್ತು. ಇನ್ನೊಂದು ಕಾಡಿಗೆ ಕಪ್ಪು. ಚಿಕ್ಕ ಮಗುವೂ ಕೂತಲ್ಲಿಂದಲೇ ತೋರಿಸಬಹುದಿತ್ತು. ವೆಂಕಟಾಚಲ ಮುಂದೆ ಬಾಗಿದರು. ಕೈ ಟೀಪಾಯಿಯ ಅಂಚನ್ನು ತಡಕಿ, ಬಲ್ಬನ್ನು ಮುಟ್ಟಿ, ಗಾಜನ್ನು ಹೆಬ್ಬೆರಳಿನಿಂದ ಸವರಿತು. ಆಮೇಲೆ ಇನ್ನೊಂದನ್ನು ಸವರಿತು. ಕೊನೆಗೆ ಒಂದನ್ನು ಎತ್ತಿ ಮುಂದೆ ಚಾಚಿದರು.

ಅದು ಹೊಸದು.

“ಬೆರಳಲ್ಲಿ ನೋಡ್ತಿದೀಯಲ್ಲೋ ವೆಂಕಟಾಚಲ,” ಎಂದರು ಜಯದೇವಪ್ಪ. ಸಿಟ್ಟಿನಲ್ಲಿ ಹೇಳಬೇಕೆಂದಿದ್ದ ಮಾತು ಅಳುವಿನ ಧ್ವನಿಯಲ್ಲಿ ಬಂತು.

ವೆಂಕಟಾಚಲ ಬಲ್ಬನ್ನು ತಡವಿ ತಡವಿ ಟೀಪಾಯಿಯ ಮೇಲಿಟ್ಟರು.

“ಹಗಲು ಹೊತ್ತು ಹೊರಗೆ ಪರವಾಗಿಲ್ಲ,” ಎಂದರು ವೆಂಕಟಾಚಲ. “ನೆರಳಲ್ಲಿ ಕಷ್ಟ. ಸಂಜೆಯಾದ್ರೆ ಎಲ್ಲಾ ಮಸಿ ಬಳಿದ ಹಾಗೆ. ಶುಗರ್ ಬಂದು ಹೀಗಾಯ್ತು. ಬಲ್ಬು ಬದಲಾಯಿಸಿದ್ರೆ ಸರಿಹೋಗುತ್ತೆ ಅಂತ ನಂಬ್ಕೊಂಡಿದ್ದೆ ಕಣೋ. ನಿಜವಾಗ್ಲೂ ನಂಬಿದ್ದೆ.”

“ಮನೆ ಬಾಗಿಲಲ್ಲಿ ಡ್ರೈವರ್ ಇದ್ನಲ್ಲ!”

“ಅವನು ಹೋದ್ಮೇಲೆ ಒಂದು ರೌಂಡು ನಾನೇ ಹೋಗಿ ಬರ್ತಿದ್ದೆ. ಯಾರನ್ನೂ ಕೇಳದೆ ಮಾಡೋ ಕೆಲಸ ಅಂತ ಅದೊಂದೇ ಉಳಿದಿತ್ತು. ಆವತ್ತು ಬಲಗಡೆ ದೀಪ ಹೋಯ್ತು. ಗೊತ್ತಾಯ್ತು ನನಗೆ. ನಿಲ್ಲಿಸಬೇಕಾಗಿತ್ತು. ಮನೆ ಹತ್ರಾನೇ ಅಲ್ವಾ ಅಂದ್ಕೊಂಡೆ. ಏನೋ ತಗಲಿತು. ನಾಯಿ ಅಂದ್ಕೊಂಡೆ.”

“ನಾಯಿ ಅಂತ ಅನ್ನಿಸ್ತಾ, ನಾಯಿ ಆಗಿರಲಿ ಅನ್ನಿಸ್ತಾ?”

ವೆಂಕಟಾಚಲ ಮುಖ ತಿರುಗಿಸಿದರು. ಉತ್ತರ ಅಲ್ಲೇ ಸಿಕ್ಕಿತು.

“ಹನಮಂತನ ಗತಿ?”

“ಭಾರ್ಗವ ನೋಡ್ಕೋತೀನಿ ಅಂದಿದಾನೆ. ಜಾಮೀನು ಸಿಗುತ್ತಂತೆ. ಚಿಕ್ಕ ವಯಸ್ಸು ಅವನಿಗೆ.”

“ಚಿಕ್ಕ ವಯಸ್ಸಿನೋರು ಜೈಲಲ್ಲಿದ್ರೆ ಪರವಾಗಿಲ್ವಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಬುದ್ಧಿ ನಿನಗೆ ಯಾವಾಗ ಬಂತೋ? ಸತ್ತವಳು ನಿನ್ನ ಹೆಂಡತಿಗೆ ದಿನಾ ಮಲ್ಲಿಗೆ ಕೊಡ್ತಿದ್ದೋಳು. ಜೈಲಲ್ಲಿರೋನು ನಿನ್ನನ್ನ ಅಪ್ಪನ ಹಾಗೆ ಕೈ ಹಿಡಿದು ಇಳಿಸ್ತಿದ್ದೋನು. ನಾಳೆ ನನ್ನ ಜೊತೆ ಬರ್ತೀಯ. ನಾನೇ ಓಡಿಸಿದ್ದು ಅಂತ ನಿನ್ನ ಬಾಯಲ್ಲೇ ಹೇಳ್ತೀಯ.”

“ಹೇಳ್ತೀನಿ,” ಎಂದರು ವೆಂಕಟಾಚಲ.

ಇಷ್ಟು ಸುಲಭಕ್ಕೆ ಒಪ್ಪುತ್ತಾರೆಂದು ಜಯದೇವಪ್ಪ ಎಣಿಸಿರಲಿಲ್ಲ. ಎದ್ದು ನಿಂತಿದ್ದವರು ಮತ್ತೆ ಕೂತರು.

“ಹೇಳ್ತೀನಿ. ಆದ್ರೆ ಅವರು ಅಷ್ಟಕ್ಕೇ ಬಿಡ್ತಾರಾ? ಕಣ್ಣು ಪರೀಕ್ಷೆ ಮಾಡಿಸ್ತಾರೆ. ಈ ಕಣ್ಣಿಗೆ ಮೊನ್ನೆ ಮೊನ್ನೆ ಲೈಸೆನ್ಸ್ ಹೇಗೆ ರಿನ್ಯೂ ಆಯ್ತು ಅಂತ ಕೇಳ್ತಾರೆ. ನೀನು ಬ್ರೇಕ್ ಇನ್ಸ್‌ಪೆಕ್ಟರ್ ಆಗಿದ್ದೋನು. ನಿನಗೆ ಗೊತ್ತಲ್ಲ, ಈ ವಯಸ್ಸಿಗೆ ಡಾಕ್ಟರ್ ಸರ್ಟಿಫಿಕೇಟ್ ಇಲ್ದೆ ಆಗಲ್ಲ.”

“ಯಾವ ಪುಣ್ಯಾತ್ಮ ಕೊಟ್ಟ ನಿನಗೆ ಸರ್ಟಿಫಿಕೇಟು? ಅವನನ್ನೂ ಎಳೀತೀನಿ ಕೋರ್ಟಿಗೆ.”

“ಕೊಡಲ್ಲ ಅಂದ್ಲು. ‘ಸಂಜೆ ನಾನೇ ಓಡಿಸ್ತೀನಿ, ಬೆಳಕು ಸಾಲಲ್ಲಮ್ಮ’ ಅಂದೆ. ‘ಸ್ಟೇರಿಂಗ್ ಮುಟ್ಟಬೇಡಿ ಅಂಕಲ್, ಯಾರನ್ನಾದ್ರೂ ಸಾಯಿಸ್ತೀರ’ ಅಂತ ಬೈದ್ಲು. ಇನ್ಮೇಲೆ ಮುಟ್ಟಲ್ಲ, ಬರೀ ಜೇಬಲ್ಲಿ ಇರ್ಲಿ ಲೈಸೆನ್ಸು, ಅದೂ ಇಲ್ದಿದ್ರೆ ನಾನು ಸತ್ತ ಹಾಗೆ ಅಂತ ಕಣ್ಣೀರು ಹಾಕ್ದೆ. ನಾನು ಎತ್ತಿ ಆಡಿಸಿದ ಮಗು. ಇಲ್ಲ ಅನ್ನೋಕಾಗ್ಲಿಲ್ಲ ಅದಕ್ಕೆ.”

ಜಯದೇವಪ್ಪನವರ ಕೈ ಟೀಪಾಯಿಯ ಮೇಲೆ ಹಾಗೇ ನಿಂತಿತು.

“ಯಾರು?”

“ಸಮನ್ವಿತಾ.”

ಸಮನ್ವಿತಾ ಜಯದೇವಪ್ಪನವರ ಒಬ್ಬಳೇ ಮಗಳು, ಕಣ್ಣಿನ ಡಾಕ್ಟರು. ತಾಯಿಯಿಲ್ಲದ ಮನೆಯಲ್ಲಿ ಪರೀಕ್ಷೆಗೆ ಓದುವಾಗ ಅವಳಿಗೆ ಬಿಸಿ ಊಟ ಹೋಗುತ್ತಿದ್ದುದು ಇದೇ ಸೀತಮ್ಮನ ಅಡುಗೆಮನೆಯಿಂದ. ಮಾತಾಡುವಾಗ ಎದುರಿನವರು ಅತ್ತರೆ ತಾನೂ ಅಳುವ ಹುಡುಗಿ. ಕಾಣದ ಕಣ್ಣನ್ನು ಕಾಣುತ್ತದೆ ಎಂದು ಬರೆದುಕೊಟ್ಟ ಡಾಕ್ಟರನ್ನು ಕಾನೂನು ಏನು ಮಾಡುತ್ತದೆ ಎಂದು ಜಯದೇವಪ್ಪನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಾಕ್ಟರಿಕೆ ಹೋಗುತ್ತದೆ. ಒಂದು ಜೀವ ಹೋಗಿದೆ, ಆದ್ದರಿಂದ ಅಷ್ಟಕ್ಕೂ ನಿಲ್ಲುವುದಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಎಂದು ಊರಿನವರ ಹೆಂಚುಗಳನ್ನೆಲ್ಲ ಇಣುಕಿ ನೋಡುತ್ತ ಬಂದವರಿಗೆ ತಮ್ಮ ಮನೆಯ ಹೆಂಚು ಮರೆತುಹೋಗಿತ್ತು.

“ಬೆದರಿಸ್ತಿದೀಯಾ?”

“ಇಲ್ಲ ಕಣೋ. ಕೇಳ್ತಿದೀನಿ. ನೀನು ಹೇಗೆ ಹೇಳಿದ್ರೆ ಹಾಗೆ. ಬಾ ಅಂದ್ರೆ ನಾಳೆ ಬರ್ತೀನಿ. ಬೇಡ ಅಂದ್ರೆ ಬಾಯಿ ಮುಚ್ಕೊಂಡು ಕೂತಿರ್ತೀನಿ.” ವೆಂಕಟಾಚಲ ಕಾಣದ ಕಣ್ಣುಗಳನ್ನು ಗೆಳೆಯನ ಮುಖವಿರಬಹುದಾದ ಕಡೆಗೆ ಎತ್ತಿದರು. “ಹೇಳು ಜಯದೇವ. ಬರ್ಲಾ?”

ಜಯದೇವಪ್ಪ ಎದ್ದರು. ಬಲ್ಬುಗಳನ್ನು ಅಲ್ಲೇ ಬಿಟ್ಟರು. ಕಾಫಿ ಆರಿ ಕೆನೆ ಕಟ್ಟಿತ್ತು. ಸೀತಮ್ಮ ಒಳಗಿನಿಂದ “ಹೊರಟೇಬಿಟ್ರಾ? ಸಮನ್ವಿತಾಗೆ ಕೋಡುಬಳೆ ಕಟ್ಟಿಕೊಡ್ತೀನಿ ತಡೀರಿ” ಎಂದು ಕೂಗಿದ್ದು ಕೇಳಿಸಿತು. ಅವರು ತಡೆಯಲಿಲ್ಲ.

ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಭಾಗ್ಯಜ್ಯೋತಿ ನಿಂತಿದ್ದಳು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಆದರೆ ಇಷ್ಟು ದಿನಗಳಲ್ಲಿ ಮೊದಲ ಸಲ ಆ ಮುಖದಲ್ಲಿ ಕಳೆಯಿತ್ತು.

“ಏನಾತ್ರಿ ಸಾಹೇಬ್ರ? ಒಪ್ಪಿಕೊಂಡ್ರೇನ್ರಿ?”

ಜಯದೇವಪ್ಪ ಅವಳ ಕಡೆ ನೋಡಲಿಲ್ಲ. ಹೊಂಗೆ ಮರದ ಬುಡದ ಕಡೆ ನೋಡಿದರು.

“ಇಲ್ಲಮ್ಮ. ಅವರು ಏನೂ ಹೇಳಲಿಲ್ಲ.”

ಅಂದ ಮೇಲೆ ಗೊತ್ತಾಯಿತು, ಸುಳ್ಳು ಹೇಳಲು ಇಷ್ಟೇ ಹೊತ್ತು ಸಾಕು ಎಂದು. ತಮ್ಮ ಬಗ್ಗೆ ಅವರಿಗೆ ಅಸಹ್ಯವಾಯಿತು.

“ಹೋಗ್ಲಿ ಬಿಡ್ರಿ,” ಎಂದಳು ಭಾಗ್ಯಜ್ಯೋತಿ. ಅವಳು ಕುಗ್ಗಲಿಲ್ಲ. “ಇವತ್ತ ಜೈಲಿನ್ಯಾಗ ಅವರು ಒಂದು ಮಾತು ಹೇಳ್ಯಾರ್ರಿ. ಈಗ ನೆನಪಾತಂತ. ಹಿಂದ ಒಮ್ಮೆ ಈ ಮನಿ ಸಾಹೇಬ್ರನ್ನ ಕಣ್ಣಿನ ದವಾಖಾನಿಗೆ ಕರಕೊಂಡು ಹೋಗಿದ್ರಂತ್ರಿ. ಹೊಳ್ಳಿ ಬರೂಮುಂದ ಸಾಹೇಬ್ರು ಫೋನಿನ್ಯಾಗ ಯಾರಿಗೋ ಹೇಳಾಕತ್ತಿದ್ರಂತ, ‘ಸಂಜೆ ನಾನೇ ಗಾಡಿ ಓಡಿಸ್ತೀನಿ ಅಂದಿದ್ದಕ್ಕೆ ಡಾಕ್ಟರು ಹುಡುಗಿ ಬೈದುಬಿಟ್ಲು’ ಅಂತ.”

ಜಯದೇವಪ್ಪ ಗೇಟಿನ ಸರಳು ಹಿಡಿದುಕೊಂಡರು.

“ಆ ಡಾಕ್ಟರಮ್ಮಗ ಎಲ್ಲಾ ಗೊತ್ತೈತ್ರಿ. ಆಕಿ ಕೋರ್ಟಿಗೆ ಬಂದು ಇದೊಂದು ಮಾತು ಹೇಳಿದ್ರ ಸಾಕು, ನನ್ನ ಗಂಡ ಹೊರಗ ಬರ್ತಾನ. ಹೆಸರು ಅವರಿಗೆ ಗೊತ್ತಿಲ್ರಿ. ಆದ್ರ ದವಾಖಾನಿ ಯಾವ್ದು ಅಂತ ಗುರ್ತು ಹೇಳ್ಯಾರ. ಇಲ್ಲೇ ಜಯನಗರದಾಗ ಐತ್ರಿ.” ಅವಳು ರಸ್ತೆಗೆ ಕೈ ಅಡ್ಡ ಚಾಚಿದಳು. “ಕತ್ತಲಾಗೂದ್ರಾಗ ಹೋಗೂಣು ಬರ್ರಿ. ನಾ ಒಬ್ಬಾಕಿ ಹೋದ್ರ ಯಾರ್ ಕೇಳ್ತಾರ್ರಿ? ನೀವು ಕೇಳಿದ್ರ ಆಕಿ ಇಲ್ಲ ಅನ್ನಂಗಿಲ್ಲ.”

ಆಟೋ ಬಂದು ನಿಂತಿತು. ಭಾಗ್ಯಜ್ಯೋತಿ ಮೊದಲು ಹತ್ತಿ, ಒಳಗೆ ಸರಿದು, ಅವರಿಗೆ ಜಾಗ ಬಿಟ್ಟು ಕೂತಳು.